ನಿಯಮ ಬದಲಾದರೆ ಮಾತು ತಪ್ಪಿದಂತೆಯೆ?

ಕಳೆದ ಆಷಾಢದಲ್ಲಿ ಒಂದು ದಿನ ನಾವು ಮಹಾಪೆಗೆ ಹೋಗುವ ಪ್ರಸಂಗ ಬಂತು. ನಮ್ಮ ತಂಗಿಯ ಮಗ ಅಲ್ಲಿಯ ಒಂದು ಡೇಟಾ ಸೆಂಟರಿನಲ್ಲಿ ಉದ್ಯೋಗದಲ್ಲಿದ್ದಾನೆ. ಧಾರವಾಡದ ಕಡೆಯ ಅವರ ಹೊಲದ ವಾರಸಾ ಕಾಗದಗಳಿಗೆ ಅವನ ಸಹಿ ಬೇಕಾಗಿತ್ತು. ಪಾಳಿಯ ಕೆಲಸದವನು; ಅವನು ಡೊಂಬಿವಲಿಗೆ ಬರುವುದನ್ನು ಕಾಯುತ್ತ ಕೂಡುವುದಕ್ಕಿಂತ ನಾವೇ ಹೋಗಿಬರುವುದು ಲೇಸೆಂದು ಶಿಳಫಾಟಾದ ಮಾರ್ಗವಾಗಿ ಬಸ್ಸು ಹಿಡಿದೆವು. ಸಹಿಗೆ ಎರಡು ನಿಮಿಷ ಸಾಕಾಯಿತು. ಆದರೆ ಚಹದ ಅಂಗಡಿಯ ಮುಂದೆ ನಿಂತು ಅವನು ಆಡಿದ ಒಂದು ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಅದನ್ನು ಓದುಗರ ಮುಂದಿಡುವುದಕ್ಕಾಗಿ ಈ ಲೇಖನ.

ಮಹಾಪೆಯನ್ನು ನೋಡದವರಿಗಾಗಿ ನಾಲ್ಕು ಮಾತು. ಠಾಣೆಯ ಖಾರಿಯ ಆಚೆ ದಂಡೆಗೆ, ಪಾರಸಿಕ ಗುಡ್ಡದ ಬುಡಕ್ಕೆ, ಎಮ್‌ಐಡಿಸಿಯವರ ಕೈಗಾರಿಕಾ ಪ್ರದೇಶ ಉದ್ದಕ್ಕೂ ಹಬ್ಬಿದೆ. ಹಿಂದೆ ಇಲ್ಲಿ ಔಷಧಿ, ಬಣ್ಣ, ರಾಸಾಯನಿಕಗಳ ಕಾರ್ಖಾನೆಗಳು. ಗಾಳಿ ತಿರುಗಿದಾಗ ಮೂಗು ಮುಚ್ಚಿಕೊಳ್ಳಬೇಕಾಗುತ್ತಿತ್ತು. ಈಗ ಅವುಗಳ ನಡುನಡುವೆ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳು ಎದ್ದಿವೆ. ಒಳಗೆ ಮನುಷ್ಯರು ಕಡಿಮೆ, ಯಂತ್ರಗಳು ಹೆಚ್ಚು. ನಾವು ಬ್ಯಾಂಕಿಗೆ ಹೋಗದೆ ಕಳಿಸುವ ಹಣ, ಮೊಮ್ಮಕ್ಕಳ ಫೋಟೋ ಎಲ್ಲವೂ ಇಂಥ ಕಟ್ಟಡಗಳ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತವೆಯಂತೆ. ಮಹಾಪೆಯಿಂದ ಠಾಣೆ–ಬೇಲಾಪುರ ರಸ್ತೆಗೆ ಇಳಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ತುರ್ಭೆಯಲ್ಲಿ ಟಾಟಾ ಟೆಲಿಸರ್ವಿಸಸ್ಸಿನ ಕಚೇರಿ. ಕೋಪರಖೈರಣೆಯ ಬಳಿ 2002ರ ಡಿಸೆಂಬರಿನಲ್ಲಿ ಮೊಬೈಲ್ ಸೇವೆ ಆರಂಭಿಸಿದ ರಿಲಯನ್ಸ್ ಇನ್ಫೋಕಾಮಿನ ವಿಶಾಲವಾದ ಆವರಣ. ಇನ್ನಷ್ಟು ಮುಂದೆ ಘಣಸೋಲಿಯಲ್ಲಿ 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋದ ಠಾವು. ಮೊದಲನೆಯವರು ಜನಸಾಮಾನ್ಯರ ಮೊಬೈಲ್ ವ್ಯವಹಾರವನ್ನು 2019ರಲ್ಲಿ ಏರ್‌ಟೆಲ್ಲಿಗೆ ಒಪ್ಪಿಸಿದರು. ಎರಡನೆಯದು ಅಣ್ಣತಮ್ಮಂದಿರ ಪಾಲಿನಲ್ಲಿ ತಮ್ಮನಿಗೆ ಹೋಗಿ, ಹೆಸರು ಬದಲಾಗಿ, 2017ರ ಕೊನೆಗೆ ಮೊಬೈಲ್ ಸೇವೆ ನಿಲ್ಲಿಸಿ, 2019ರಲ್ಲಿ ದಿವಾಳಿಯ ಕಾನೂನಿನ ಕೆಳಗೆ ಬಂತು. ಮೂರನೆಯದು ದೇಶದಲ್ಲೇ ದೊಡ್ಡದಾಗಿ ಬೆಳೆಯಿತು. ಹತ್ತು ಕಿಲೋಮೀಟರಿನೊಳಗೆ ಮೂರು ಜಾತಕಗಳು.

ನಮ್ಮ ಹುಡುಗನೂ ಮೊದಲು ಒಂದು ಮೊಬೈಲ್ ಕಂಪನಿಯಲ್ಲಿದ್ದವನೇ. ಹೆಸರು ಬೇಡ. ಕಂಪನಿ ಹೋಯಿತು, ಕೆಲಸ ಹೋಯಿತು, ಒಂಬತ್ತು ತಿಂಗಳು ಮನೆಯಲ್ಲಿದ್ದ. ಈಗಿನ ಕಂಪನಿಗೆ ಯುರೋಪಿನ ಗಿರಾಕಿಗಳು ಹೆಚ್ಚು, ಅವರೊಡನೆ ದಿನವೂ ಮಾತು. ಅವನು ಹೇಳಿದ್ದಿಷ್ಟು:

“ಮಾಮಾ, ಯುರೋಪಿನವ್ರು ತಮ್ಮಲ್ಲೆ ನಿಯಮಾ ಭಾಳ ಬಿಗಿ, ಅದಕ್ಕ ರೊಕ್ಕಾ ಹಾಕೋರಿಲ್ಲ ಅಂತ ಅಳ್ತಾರ. ನಮ್ಮಲ್ಲೆ ಬಿಗಿ ಇರೂದು ಅತ್ಲಾಗಿರ್ಲಿ, ಇವತ್ತಿದ್ದ ನಿಯಮಾ ನಾಳೆ ಇರೂದಿಲ್ಲ. ಮಾತಿಗೇ ಬೆಲಿ ಇಲ್ಲಂದ್ರ ರೊಕ್ಕಾ ಹಾಕೋರು ಯಾರು?”

“ನಿಯಮಾ ಅಂದ್ರ ಮಾತು ಕೊಟ್ಟಂಗ ಏನೋ?” ಎಂದು ಕೇಳಿದೆವು. ಅವನು ನಕ್ಕು ಚಹ ಕುಡಿದ. ಪ್ರಶ್ನೆ ನಮ್ಮಲ್ಲಿಯೇ ಉಳಿಯಿತು.

ಮಾತು ಕೊಡುವುದು ಒಬ್ಬ ಮನುಷ್ಯ ಇನ್ನೊಬ್ಬನಿಗೆ. ಕೊಟ್ಟವನು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತಾನೆ. ತಪ್ಪಿದರೆ ನಾಚಿಕೆ ಅವನದೇ. ಸರಕಾರದ ನಿಯಮ ಹಾಗಲ್ಲ. ಅದನ್ನು ಮಾಡುವವರು ಐದು ವರ್ಷಕ್ಕೆ ಬಂದು ಹೋಗುವವರು, ಕಟ್ಟುಬೀಳುವವರು ಇನ್ನೂ ಹುಟ್ಟದ ಮಕ್ಕಳೂ ಸೇರಿ ಕೋಟ್ಯಂತರ ಜನ. ಇಂದಿನವರು ಕೊಟ್ಟ ಮಾತಿಗೆ ನಾಳಿನವರು ಏಕೆ ಬದ್ಧರಾಗಬೇಕು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆದರೆ ಯಾವ ನಿಯಮಕ್ಕೂ ಮಾತಿನ ತೂಕವಿಲ್ಲವೆಂದರೆ ತೆಂಗಿನ ಸಸಿ ನೆಡುವವರೇ ಇರುವುದಿಲ್ಲ. ಆರೇಳು ವರ್ಷ ನೀರೆರೆದ ಮೇಲೆ ಕಾಯಿ ತನ್ನದೋ ಪರರದೋ ಎಂಬ ಭರವಸೆಯಿಲ್ಲದೆ ಯಾರು ಗುಂಡಿ ತೋಡುತ್ತಾರೆ? ದೂರವಾಣಿಯ ತಂತಿಯೂ ತೆಂಗಿನ ಜಾತಿಯದೇ. ಇಂದು ನೆಲದೊಳಗೆ ಹೂತ ಹಣ ಮೇಲೆ ಬರಲು ಹತ್ತಾರು ವರ್ಷ ಬೇಕು.

ಮೊದಲು ಯುರೋಪಿನವರ ಅಳಲು ಏನೆಂದು ನೋಡೋಣ. ಅಲ್ಲಿಯೂ ನಮ್ಮಂತೆಯೇ ಬಹಳ ಕಾಲ ಟೆಲಿಫೋನು ಸರಕಾರದ ಸೊತ್ತಾಗಿತ್ತು. 1998ರ ಜನವರಿಯಿಂದ ಹೆಚ್ಚಿನ ದೇಶಗಳಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಮನೆಮನೆಗೆ ಹೋಗುವ ತಾಮ್ರದ ತಂತಿ ಹಳೆಯ ಕಂಪನಿಯದು. ಹೊಸಬ ಏನು ಮಾಡಬೇಕು? ಹಳಬರು ತಮ್ಮ ತಂತಿಯನ್ನು ನಿಗದಿಯಾದ ಬಾಡಿಗೆಗೆ ಹೊಸಬರಿಗೆ ಬಿಟ್ಟುಕೊಡಬೇಕೆಂದು 2000ದಲ್ಲಿ ಯುರೋಪಿನ ಒಕ್ಕೂಟ ವಿಧಿಸಿತು. ಗಿರಾಕಿಗಳಿಗೆ ದರ ಇಳಿಯಿತು. 2017ರ ಜೂನಿನಿಂದ ಒಕ್ಕೂಟದ ಒಂದು ದೇಶದವನು ಇನ್ನೊಂದಕ್ಕೆ ಹೋದರೂ ಫೋನಿಗೆ ಮನೆಯ ದರವೇ ಎಂದಾಯಿತು. ಬಳಸುವವನಿಗೆ ಇದಕ್ಕಿಂತ ಸುಖವೇನು? ಆದರೆ ಕಟ್ಟುವವನು ಹೇಳುವುದು ಬೇರೆ: ನಾನು ಸಾಲ ಮಾಡಿ ಫೈಬರ್ ಎಳೆಯಬೇಕು, ಎಳೆದ ಮರುದಿನ ಪಕ್ಕದವನಿಗೆ ಬಾಡಿಗೆಗೆ ಕೊಡಬೇಕು, ಬಾಡಿಗೆಯನ್ನು ನಿಗದಿ ಮಾಡುವವರು ಮೂರನೆಯವರು. ಹಾಗಾದರೆ ನಾನೇಕೆ ಎಳೆಯಲಿ? 2024ರ ಸೆಪ್ಟೆಂಬರಿನಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಘಿಯವರು ಒಕ್ಕೂಟಕ್ಕೆ ಸಲ್ಲಿಸಿದ ವರದಿಯಲ್ಲಿಯೂ, ಅಲ್ಲಿ ಕಂಪನಿಗಳು ಹೆಚ್ಚಾಗಿ ಹೂಡಿಕೆ ತೆಳ್ಳಗಾಗಿದೆಯೆಂಬ ಚಿಂತೆ ಕಾಣುತ್ತದೆ.

ಎರಡು ದೇಶಗಳು ಈ ಗಂಟನ್ನು ಬಿಡಿಸಲು ಹೋದ ಬಗೆ ಕುತೂಹಲಕರವಾಗಿದೆ. ಜರ್ಮನಿ 2007ರಲ್ಲಿ, ತನ್ನ ಹಳೆಯ ಕಂಪನಿ ಹೊಸದಾಗಿ ಕಟ್ಟುವ ಜಾಲಕ್ಕೆ ಹಂಚಿಕೊಳ್ಳುವ ನಿಯಮದಿಂದ ರಜೆ ಕೊಡುವ ಕಾನೂನು ಮಾಡಿತು. ಅದು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು 2009ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಅದೇ 2009ರಲ್ಲಿ ಸ್ಪೇನಿನ ನಿಯಂತ್ರಣ ಮಂಡಳಿ ಬೇರೊಂದು ಗೆರೆ ಎಳೆಯಿತು: ನೆಲದೊಳಗಿನ ಕೇಬಲು ಕೊಳವೆಯ ದಾರಿ ಎಲ್ಲರಿಗೂ ಸೇರಿದ್ದು, ಹಳಬ ಬಾಡಿಗೆಗೆ ಬಿಡಲೇಬೇಕು, ಆದರೆ ಅದರೊಳಗೆ ಎಳೆದ ಹೊಸ ಫೈಬರಿನ ಅತಿವೇಗದ ಸೇವೆ ಎಳೆದವನದು. ಇದರಲ್ಲಿ ಒಂದು ನ್ಯಾಯವಿದೆಯೆಂದು ನಮಗೆ ತೋರುತ್ತದೆ. ಆ ಕೊಳವೆಯ ದಾರಿ ಅಗೆದದ್ದು ಪೈಪೋಟಿಯಿಲ್ಲದ ಕಾಲದಲ್ಲಿ, ಜನರ ಹಣದಿಂದ. ಫೈಬರು ಎಳೆದದ್ದು ನಷ್ಟದ ಭಯವನ್ನು ತಾನೇ ಹೊತ್ತವನು. ಇಂದು ಮನೆಯವರೆಗಿನ ಫೈಬರಿನಲ್ಲಿ ಸ್ಪೇನು ಮುಂದು, ಶ್ರೀಮಂತ ಜರ್ಮನಿ ಬಹಳ ಹಿಂದು. (ಮಹಾಪೆಯ ರಸ್ತೆಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಅಗೆಯುವುದನ್ನು ಕಂಡವರಿಗೆ ಸ್ಪೇನಿನವರ ಬುದ್ಧಿ ತಟ್ಟನೆ ತಿಳಿದೀತು.)

ಈಗ ನಮ್ಮ ಮನೆಗೆ ಬರೋಣ.

ನಿಯಮ ಬದಲಾಗಬಾರದು ಎಂದು ಹಟ ಹಿಡಿದಿದ್ದರೆ ನಾವು ಇನ್ನೂ 1885ರ ತಂತಿ ಕಾಯಿದೆಯ ಕಾಲದಲ್ಲಿಯೇ ಇರುತ್ತಿದ್ದೆವು. ದೂರಸಂಪರ್ಕ ಸರಕಾರದ ಏಕಸ್ವಾಮ್ಯವೆಂದು ಹೇಳಿದ್ದ ಆ ಕಾಯಿದೆಯನ್ನು ಪೂರ್ತಿ ಬದಿಗಿಡಲು ಹೊಸ ಕಾಯಿದೆ ಬಂದದ್ದು 2023ರಲ್ಲಿ. ಹಿರಿಯ ಓದುಗರಿಗೆ ಆ ದಿನಗಳನ್ನು ನೆನಪಿಸಬೇಕಾಗಿಲ್ಲ. ಟೆಲಿಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಹುಡುಗನಿಗೆ ಹೆಣ್ಣು ನೋಡುವಾಗ ಮನೆಯಲ್ಲಿ ಫೋನಿದೆ ಎಂಬುದು ಒಂದು ಅರ್ಹತೆ. ಬೆಂಗಳೂರಿನ ಐಟಿಐ ಕಾರ್ಖಾನೆಯ ಆ ಕರಿಯ, ಭಾರವಾದ ಉಪಕರಣದ ಮೇಲೆ ಕ್ರೋಶೆಯ ವಸ್ತ್ರ ಹೊದಿಸಿ ಅಕ್ಕಪಕ್ಕದವರಿಗೆಲ್ಲ ಅದರ ನಂಬರು ಕೊಟ್ಟಿರುತ್ತಿದ್ದೆವು. 1986ರಲ್ಲಿ ಮುಂಬಯಿಗೆ ಎಮ್‌ಟಿಎನ್‌ಎಲ್ ಆಯಿತು. ಠಾಣೆ, ನವಿ ಮುಂಬಯಿ ಎರಡಕ್ಕೂ 022 ದೊರೆಯಿತು. ಕಲ್ಯಾಣ, ಡೊಂಬಿವಲಿಯವರಿಗೆ ಮಾತ್ರ 0251. ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆಯೊಳಗಿನ ಠಾಣೆಗೆ ನಾವು ಹೊರ ಊರಿನವರಾದೆವು! ಊರಿನ ತಾಯಿಯೊಡನೆ ಮಾತಾಡಬೇಕಾದರೆ ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತಿನ ಮುಂದೆ ಸಾಲು. ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ, ಹೇಳಬೇಕಾದ ಮಾತನ್ನು ಮರೆತು, “ಎಲ್ಲಾ ಆರಾಮ” ಎಂದು ಫೋನು ಇಟ್ಟು ಹೊರಗೆ ಬಂದದ್ದು ಎಷ್ಟು ಸಲವೋ. ಆ ನಿಯಮ ಬದಲಾದದ್ದಕ್ಕೆ ನಮ್ಮಲ್ಲಿ ಯಾರೂ ಕಣ್ಣೀರಿಟ್ಟಿಲ್ಲ.

1994ರ ನೀತಿಯಿಂದ ಖಾಸಗಿಯವರು ಬಂದರು. ಪರವಾನಗಿಗಾಗಿ ಕೂಗಿದ ಬೆಲೆಗಳನ್ನು ಕೇಳಿ ಆಗ ಎಲ್ಲರೂ ಬೆರಗಾಗಿದ್ದರು. ವರ್ಷಕ್ಕೆ ಇಂತಿಷ್ಟು ಕೊಡುತ್ತೇವೆಂದು ಬರೆದುಕೊಟ್ಟವರಿಗೆ ಕೊಡಲಾಗಲಿಲ್ಲ. ಗಿರಾಕಿಗಳು ಎಣಿಸಿದಷ್ಟು ಬರಲಿಲ್ಲ. 1999ರಲ್ಲಿ ಸರಕಾರ ಹೊಸ ನೀತಿ ತಂದು, ಆ ವರ್ಷದ ಆಗಸ್ಟ್ 1ರಿಂದ ನಿಗದಿತ ಶುಲ್ಕ ಬೇಡ, ನಿಮ್ಮ ಆದಾಯದಲ್ಲಿ ಒಂದು ಪಾಲು ಕೊಡಿರಿ ಎಂದಿತು. ಪರವಾನಗಿಯ ಅವಧಿ 10 ವರ್ಷದಿಂದ 20ಕ್ಕೆ ಏರಿತು. ಇದನ್ನು ಹೂಡಿಕೆಯನ್ನು ಉಳಿಸಿದ ದೂರದೃಷ್ಟಿಯೆಂದು ಹೊಗಳುವವರುಂಟು. ಫಲವನ್ನು ನೋಡಿದರೆ ಹೊಗಳಿಕೆ ಸುಳ್ಳಲ್ಲ. ಬೀದಿಯ ಹೂ ಮಾರುವವಳ ಕೈಗೂ ಫೋನು ಬಂದದ್ದು ಅದರ ನಂತರವೇ. ಆದರೆ ನಮಗೆ ಯಾವಾಗಲೂ ನೆನಪಾಗುವವನು ಬೇರೊಬ್ಬ. ಹರಾಜಿನಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಇಷ್ಟಕ್ಕಿಂತ ಹೆಚ್ಚು ಕೊಡಲಾರೆ ಎಂದು ಕಡಮೆ ಕೂಗಿ ಸೋತು ಮನೆಗೆ ಹೋದವನು. ಆಗದ ಮಾತನ್ನು ಕೊಟ್ಟವನಿಗೆ ಮಾತಿನಿಂದ ಬಿಡುಗಡೆ ಸಿಕ್ಕಿತು. ಆಗದೆಂದು ನಿಜ ನುಡಿದವನಿಗೆ ಏನೂ ಸಿಕ್ಕಲಿಲ್ಲ. ಹೂಡಿದವನ ಪರವಾಗಿ ನಿಯಮ ಸಡಿಲಿಸಿದರೆ ಅನ್ಯಾಯವಿಲ್ಲ ಎನ್ನುವವರು ಅವನ ಮುಖವನ್ನು ನೋಡಿಲ್ಲ.

ಇನ್ನೊಂದು ಉದಾಹರಣೆಯಲ್ಲಿ ನಾವೂ ಪಾಲುಗಾರರು. ಸ್ಥಿರ ಟೆಲಿಫೋನಿನ ಪರವಾನಗಿ ಪಡೆದವರು ತಂತಿಯಿಲ್ಲದ ಫೋನನ್ನು ಊರ ಸುತ್ತಿನೊಳಗೆ ಮಾತ್ರ ಕೊಡಬಹುದೆಂದು 2001ರಲ್ಲಿ ಅಪ್ಪಣೆಯಾಯಿತು. ಮೊಬೈಲಿನ ಪರವಾನಗಿಗೆ ಹೆಚ್ಚು ತೆತ್ತವರು ಕೋರ್ಟಿಗೆ ಹೋದರು. 2003ರ ನವೆಂಬರಿನಲ್ಲಿ ಎಲ್ಲವನ್ನೂ ಒಂದೇ ಪರವಾನಗಿಯೊಳಗೆ ತಂದು ಗೆರೆಯನ್ನೇ ಅಳಿಸಲಾಯಿತು. ಆಟದ ನಡುವೆ ಬದಲಾದ ನಿಯಮ ಹೌದು. ಆದರೆ ಆ ವರ್ಷದ ಮಳೆಗಾಲದಲ್ಲಿ 501 ರೂಪಾಯಿ ಮುಂಗಡಕ್ಕೆ ಕೈಗೆ ಫೋನು ಬಂದಾಗ, ಯಾರಿಗಾದರೂ ಅನ್ಯಾಯವಾಯಿತೇ ಎಂದು ನಾವು ಕೇಳಲಿಲ್ಲ. ಸಾಲಿನಲ್ಲಿ ನಿಂತು ಕೊಂಡೆವು. ನಮಗೆ ಲಾಭವಾಗುವ ಬದಲಾವಣೆಗೆ ಸುಧಾರಣೆಯೆಂದೂ ನಷ್ಟವಾಗುವುದಕ್ಕೆ ವಚನಭಂಗವೆಂದೂ ಹೆಸರಿಡುವುದು ಕಂಪನಿಗಳ ಅಭ್ಯಾಸ ಮಾತ್ರವಲ್ಲ.

2012ನೆಯ ವರ್ಷದಲ್ಲಿ ಎರಡು ಪ್ರಸಂಗಗಳು ಒಂದರ ಬೆನ್ನಿಗೆ ಒಂದು ಬಂದವು. ಫೆಬ್ರವರಿ 2ರಂದು ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದುಮಾಡಿತು. 2008ರ ಜನವರಿಯಲ್ಲಿ ಅವುಗಳನ್ನು ಹಂಚಿದ ಬಗೆ, ಅರ್ಜಿಯ ಕೊನೆಯ ದಿನಾಂಕವನ್ನೇ ಹಿಂದಕ್ಕೆ ಸರಿಸಿದ ಬಗೆ ನ್ಯಾಯವಲ್ಲವೆಂಬುದು ಅದರ ಮತ. ಆದರೆ ಹಂಚಿಕೆಯಾದ ಬಳಿಕ ಬಂದು ಹಣ ಹಾಕಿದ ನಾರ್ವೆಯ ಟೆಲಿನಾರ್ ಕಂಪನಿಯ ಪರವಾನಗಿಗಳೂ ಹೋದವು. ಕದ್ದ ಮಾಲೆಂದು ತಿಳಿಯದೆ ಸಂತೆಯಲ್ಲಿ ಎತ್ತು ಕೊಂಡವನ ಗತಿ. ಎತ್ತನ್ನು ಬಿಟ್ಟುಕೊಡಲೇಬೇಕು, ಆದರೆ ಅವನನ್ನು ಕಳ್ಳನೆನ್ನಲಾಗದು. ಮುಂದೆ 2017ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಆ ಮೊಕದ್ದಮೆಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ರದ್ದಾದ ಪರವಾನಗಿಗಳು ಮಾತ್ರ ರದ್ದಾಗಿಯೇ ಉಳಿದವು.

ಎರಡನೆಯದು ವೊಡಾಫೋನಿನದು. ಇಂಗ್ಲೆಂಡಿನ ಈ ಕಂಪನಿ 2007ರಲ್ಲಿ ಹಚಿಸನ್ ಕಂಪನಿಯ ಭಾರತದ ವ್ಯವಹಾರವನ್ನು ಹೊರದೇಶದಲ್ಲಿಯೇ ಕೊಂಡಿತು. ತೆರಿಗೆ ಕೊಡಬೇಕೆಂದು ಇಲಾಖೆ, ಇಲ್ಲವೆಂದು ಕಂಪನಿ. 2012ರ ಜನವರಿ 20ರಂದು ಸುಪ್ರೀಂ ಕೋರ್ಟು ಕಂಪನಿಯ ಪರ ಹೇಳಿತು. ಕೆಲವೇ ತಿಂಗಳಲ್ಲಿ ಸರಕಾರ ಕಾನೂನನ್ನೇ ತಿದ್ದಿ, ಆ ತಿದ್ದುಪಡಿ 1962ರಿಂದಲೇ ಇತ್ತೆಂದು ತಿಳಿಯತಕ್ಕದ್ದು ಎಂದು ಬರೆಯಿತು. ಐವತ್ತು ವರ್ಷ ಹಿಂದಕ್ಕೆ! ಕಂಪನಿ ಹೊರದೇಶದ ಪಂಚಾಯಿತಿಗೆ ಹೋಗಿ 2020ರ ಸೆಪ್ಟೆಂಬರಿನಲ್ಲಿ ಗೆದ್ದಿತು. 2021ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟೇ ಆ ಹಿಂದುಗಾಮಿ ತೆರಿಗೆಯನ್ನು ಕೈಬಿಟ್ಟಿತು. ಹೊರದೇಶದಲ್ಲಿ ಜಾಣತನದಿಂದ ಗಂಟು ಹಾಕಿ ತೆರಿಗೆ ತಪ್ಪಿಸಿದ ಕಂಪನಿಯ ಮೇಲೆ ನಮಗೆ ವಿಶೇಷ ಪ್ರೀತಿಯೇನೂ ಇಲ್ಲ. ಆ ದಾರಿ ಮುಚ್ಚಬೇಕಾದದ್ದೇ. ಆದರೆ ಇಂದಿನಿಂದ ಮುಚ್ಚಿದೆ ಎನ್ನುವುದು ಬೇರೆ, ನೀನು ದಾಟಿದಾಗಲೂ ಮುಚ್ಚಿತ್ತು ಎನ್ನುವುದು ಬೇರೆ.

ಕಡೆಯದಾಗಿ, ಎಲ್ಲಕ್ಕಿಂತ ತೊಡಕಿನದು, ಆದಾಯದ ಪಾಲಿನ ಜಗಳ. 1999ರಲ್ಲಿ ಪಾಲು ಕೊಡಲು ಕಂಪನಿಗಳು ಒಪ್ಪಿದವಷ್ಟೆ. ಆದಾಯವೆಂದರೆ ಯಾವುದು? ಫೋನಿನಿಂದ ಬಂದದ್ದು ಮಾತ್ರವೆ, ಬ್ಯಾಂಕಿನ ಬಡ್ಡಿ, ಬಾಡಿಗೆ, ಲಾಭಾಂಶ ಎಲ್ಲವೂ ಸೇರಿಯೆ? ಪರವಾನಗಿಯ ಕಾಗದದಲ್ಲಿ ಎಲ್ಲವೂ ಸೇರುವಂತೆ ಬರೆದಿತ್ತು. ಕಂಪನಿಗಳು ಒಪ್ಪದೆ ವ್ಯಾಜ್ಯ ಹೂಡಿದವು, ಒಂದೊಂದು ಹಂತದಲ್ಲಿ ಒಬ್ಬೊಬ್ಬರು ಗೆದ್ದರು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಕಾಗದದಲ್ಲಿದ್ದುದನ್ನೇ ಎತ್ತಿಹಿಡಿಯಿತು. ಆಗ ಇಲಾಖೆ ತೋರಿಸಿದ ಬಾಕಿ ಸುಮಾರು 92,600 ಕೋಟಿ ರೂಪಾಯಿ. ಅದರಲ್ಲಿ ಅಸಲು 23,000 ಕೋಟಿಯ ಆಸುಪಾಸು. ಉಳಿದದ್ದು ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ. ಮರುವರ್ಷ ತೀರಿಸಲು 10 ವರ್ಷದ ಕಂತು ಕೊಟ್ಟರು. 2021ರಲ್ಲಿ ಆದಾಯದ ಅರ್ಥವನ್ನೇ ಕಂಪನಿಗಳು ಕೇಳುತ್ತಿದ್ದಂತೆ ಬದಲಿಸಿದರು, ಆದರೆ ಮುಂದಿನದಕ್ಕೆ ಮಾತ್ರ. ಕೊಡಲಾಗದ ವೊಡಾಫೋನ್ ಐಡಿಯಾದ ಬಾಕಿಯಲ್ಲಿ ಒಂದಷ್ಟು 2023ರಲ್ಲಿ, ಮತ್ತಷ್ಟು 2025ರಲ್ಲಿ ಷೇರಾಗಿ ಮಾರ್ಪಟ್ಟು ಸರಕಾರದ ಪಾಲು ನೂರಕ್ಕೆ 49ರ ಹತ್ತಿರ ಬಂತು. ನಿಯಮ ಮಾಡುವವನೇ ಅಂಗಡಿಯ ಅರ್ಧ ಒಡೆಯನಾದ.

ಇದರಲ್ಲಿ ಕಂಪನಿಗಳು ಅಮಾಯಕರೆಂದು ನಾವು ಹೇಳಲಾರೆವು. ಕಾಗದಕ್ಕೆ ಸಹಿ ಹಾಕಿದ್ದು ತಿಳಿದೇ. ಜಗಳವಿದ್ದ ಹಣವನ್ನು ಬದಿಗೆ ಎತ್ತಿಡಬಹುದಿತ್ತು. ಆದರೆ ಅಸಲಿನ ನಾಲ್ಕು ಪಟ್ಟಾಗುವವರೆಗೆ ಲೆಕ್ಕ ಬೆಳೆಯಲು ಬಿಟ್ಟು ಒಂದು ದಿನ ಮುಂದಿಟ್ಟರೆ, ಕಾನೂನು ಸರಿಯಾದರೂ ಎಲ್ಲೋ ಮನಸ್ಸು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂದು ನಮಗೆ ಗೊತ್ತು. ಅದನ್ನು ಹೇಳಲು ಸಂಕೋಚವಾದರೂ ಹೇಳುತ್ತೇವೆ.

ನಾವು ಡೊಂಬಿವಲಿಯಲ್ಲಿರುವ ಸೊಸೈಟಿಯ ನೆಲಮಹಡಿಯಲ್ಲಿ ಸೊಸೈಟಿಗೇ ಸೇರಿದ ಒಂದು ಸಣ್ಣ ಅಂಗಡಿಯಿದೆ. 1993ರಲ್ಲಿ ಅದನ್ನು ಒಬ್ಬ ರಾಯರಿಗೆ ಎಸ್‌ಟಿಡಿ ಬೂತಿಗಾಗಿ ಬಾಡಿಗೆಗೆ ಕೊಟ್ಟೆವು. ಉಡುಪಿಯ ಕಡೆಯವರು. ಕನ್ನಡದವರೆಂದು ನಾವೇ ಮುಂದೆ ನಿಂತು ಕೊಡಿಸಿದ್ದು. ಬಹಳ ಅಚ್ಚುಕಟ್ಟಿನ ಮನುಷ್ಯ. ಎಷ್ಟು ಹೊತ್ತಿಗೆ ಹೋದರೂ ಗಾಜಿನ ಕೋಣೆಯಲ್ಲಿ ಊದುಬತ್ತಿಯ ವಾಸನೆ. ಊರಿನಿಂದ ಸಾವಿನ ಸುದ್ದಿ ಬಂದರೆ ತಾವೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ, ಮೆಲ್ಲಗೆ ಹೇಳಿ, ಹಣ ಕೇಳದೆ ಮರಳಿ ಫೋನು ಹಚ್ಚಿಕೊಡುತ್ತಿದ್ದರು. ಮೊಬೈಲು ಬಂದ ಮೇಲೆ ಸಾಲು ಕರಗಿತು. 2004ರ ವೇಳೆಗೆ ದಿನಕ್ಕೆ ಹತ್ತಿಪ್ಪತ್ತು ಜನ ಬಂದರೆ ಹೆಚ್ಚು.

ಆ ವರ್ಷ ಗಚ್ಚಿ ಸೋರುತ್ತಿತ್ತು, ರಿಪೇರಿಗೆ ಹಣ ಬೇಕಾಗಿತ್ತು. ಅಂಗಡಿಯ ಬಾಡಿಗೆ ಪೇಟೆಯ ದರಕ್ಕಿಂತ ತೀರ ಕಡಮೆಯೆಂದು ಯಾರೋ ಎತ್ತಿದರು. ಏರಿಸುವುದು ಸರಿಯೇ. ಆದರೆ ಕರಾರಿನಲ್ಲಿ “ಸೊಸೈಟಿಯು ಕಾಲಕಾಲಕ್ಕೆ ನಿರ್ಧರಿಸುವ ಬಾಡಿಗೆ” ಎಂದು ಬರೆದಿದೆ, ಆದ್ದರಿಂದ ಹೊಸ ದರವನ್ನು ಮೂರು ವರ್ಷ ಹಿಂದಿನಿಂದ ಅನ್ವಯಿಸಬಹುದು ಎಂದು ಕಮಿಟಿಯಲ್ಲಿ ಒಬ್ಬರು ಸೂಚಿಸಿದರು. ವಕೀಲರೂ ಅಡ್ಡಿಯಿಲ್ಲವೆಂದರು. ಕೈ ಎತ್ತುವಾಗ ನಾವೂ ಎತ್ತಿದೆವು. ಸೊಸೈಟಿಯ ಹಿತ, ಎಲ್ಲರ ಹಣ, ನಮ್ಮ ಸ್ವಂತದ್ದೇನೂ ಇಲ್ಲ ಎಂದು ಸಮಾಧಾನ ಹೇಳಿಕೊಂಡೆವು. ಸರಕಾರದವರೂ ಹಾಗೆಯೇ ಹೇಳಿಕೊಳ್ಳುತ್ತಿರಬೇಕು.

ರಾಯರು ಜಗಳಾಡಲಿಲ್ಲ. ನೋಟೀಸು ಹಿಡಿದುಕೊಂಡು ಒಂದು ಸಂಜೆ ನಮ್ಮ ಮನೆಗೆ ಬಂದು ಕುಳಿತರು. ಮೊಬೈಲಿನಿಂದ ನಿಮಗೆ ತೊಂದರೆಯಾದದ್ದು ನಮಗೂ ತಿಳಿದಿದೆ, ಆದರೆ ಏನು ಮಾಡುವುದು, ಸರಕಾರ ನಿಮಗೆ ಬೂತು ಕೊಟ್ಟು ಹೀಗೆ ಮಾಡಬಾರದಿತ್ತು ಎಂದು ನಾವು ಮಾತನ್ನು ಬೇರೆ ಕಡೆ ತಿರುಗಿಸಲು ನೋಡಿದೆವು.

“ಮೊಬೈಲು ಬಂದದ್ದಕ್ಕೆ ಯಾರಿಗೆ ಬೈಯುದು?” ಎಂದರು ಅವರು. “ಅದು ಮಳೆ ಬಂದ ಹಾಗೆ ಬಂತು. ಊರಲ್ಲಿ ನಮ್ಮ ಗದ್ದೆಯೂ ಹಾಗೇ ಹೋದದ್ದು. ಒಕ್ಕಲಿನವ ಡಿಕ್ಲರೇಶನ್ ಕೊಟ್ಟ, ಟ್ರಿಬ್ಯುನಲ್ಲಿನಲ್ಲಿ ಅವನಿಗಾಯ್ತು. ಅಪ್ಪನಿಗೆ ಬೇಸರ ಇತ್ತು, ನನಗೆ ಇಲ್ಲ. ಉತ್ತವ ಅವ. ಆದ್ರೆ ಅಪ್ಪ ಅಷ್ಟು ವರ್ಷ ತಿಂದ ಗೇಣಿ ಅಕ್ಕಿಯನ್ನು ವಾಪಾಸು ಅಳೆದು ಕೊಡಿ ಅಂತ ಒಕ್ಕಲಿನವನೂ ಕೇಳ್ಲಿಲ್ಲ, ಸರಕಾರವೂ ಕೇಳ್ಲಿಲ್ಲ. ನೀವು ಕೇಳ್ತಾ ಇದ್ದೀರಿ.”

ನಾವು ಉತ್ತರ ಕೊಡಲಿಲ್ಲ. ಮನೆಯವರು ತಂದಿಟ್ಟ ಚಹ ಆರಿತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯನ್ನು ಈ ಬೆಳಕಿನಲ್ಲಿ ನಾವು ಎಂದೂ ನೋಡಿರಲಿಲ್ಲ. ದೇವರಾಜ ಅರಸರ ಸರಕಾರ ತಂದ ಆ ಕಾನೂನು ನಿಯಮ ಬದಲಾವಣೆಗಳಲ್ಲೆಲ್ಲ ದೊಡ್ಡದು. ತಲೆಮಾರುಗಳ ಒಡೆತನ ಒಂದು ದಿನಾಂಕಕ್ಕೆ ಮುಗಿದುಹೋಯಿತು. ಕರಾವಳಿಯಲ್ಲಿ ಗೇಣಿಯೆನ್ನಿ, ನಮ್ಮ ಕಡೆ ಲಾವಣಿಯೆನ್ನಿ, ಕೊಟ್ಟವರ ಮಕ್ಕಳೂ ಪಡೆದವರ ಮಕ್ಕಳೂ ಮುಂಬಯಿಗೆ ಬಂದು ಇಂದು ಒಂದೇ ಸಂಘದ ಪಂಕ್ತಿಯಲ್ಲಿ ಕೂತು ಉಣ್ಣುತ್ತೇವೆ. ನಾವು ಸಹಿಗಾಗಿ ಮಹಾಪೆಗೆ ಒಯ್ದ ಕಾಗದವೂ ಅದೇ ಕಾನೂನಿನಿಂದ ಹುಡುಗನ ಅಜ್ಜನಿಗೆ ಬಂದ ಹೊಲದ್ದು. ಒಡೆಯರಿಗೆ ದೊರೆತ ಪರಿಹಾರ ಅತ್ಯಲ್ಪ. ಅದರಿಂದ ಬಡವಾದ ಮನೆಗಳು, ವಿಧವೆಯರು ಇದ್ದರು, ಅದನ್ನು ಮುಚ್ಚಿಡಬಾರದು. ಆದರೂ ಆ ಕಾನೂನು ಮುಂದಕ್ಕೆ ನೋಡಿತು. ಇನ್ನು ಮೇಲೆ ಭೂಮಿ ಉಳುವವನದು ಎಂದಿತೇ ಹೊರತು, ನೀನು ಮುಗಿಸಿದ ಊಟದ ಲೆಕ್ಕ ಕೊಡು ಎನ್ನಲಿಲ್ಲ. ನಾಳೆಯನ್ನು ಬದಲಿಸುವ ಅಧಿಕಾರ ಸರಕಾರಕ್ಕೆ ಇರಲೇಬೇಕು, ಅದಕ್ಕಾಗಿಯೇ ನಾವು ಮತ ಹಾಕುತ್ತೇವೆ. ಬದಲಾಗಬಹುದೆಂಬ ಎಚ್ಚರ ಹೂಡುವವನಿಗೂ ಇರಬೇಕು. ಆದರೆ ನಿನ್ನೆಯ ದಿನವನ್ನು ಮನುಷ್ಯ ಒಂದು ನಂಬಿಕೆಯ ಮೇಲೆ ಬದುಕಿ ಮುಗಿಸಿರುತ್ತಾನೆ. ಅದನ್ನು ಮರಳಿ ಬದುಕಲು ಅವನಿಂದಾಗದು. ನಿನ್ನೆಗೆ ಇಂದಿನ ದರ ಹಚ್ಚಿದಾಗ ಮಾತು ತಪ್ಪಿದಂತಾಗುತ್ತದೆ, ಕಾಗದದಲ್ಲಿ “ಕಾಲಕಾಲಕ್ಕೆ” ಎಂದು ಎಷ್ಟೇ ಸ್ಪಷ್ಟವಾಗಿ ಬರೆದಿರಲಿ.

ಇಲ್ಲಿಯೂ ದೊಡ್ಡವರಿಗೂ ಚಿಕ್ಕವರಿಗೂ ಅಂತರವಿದೆ. ವೊಡಾಫೋನಿಗೆ ಹೊರದೇಶದ ಪಂಚಾಯಿತಿಯಿತ್ತು. ಎಂಟು ವರ್ಷ ಹೋರಾಡುವ ವಕೀಲರಿದ್ದರು. ಕೊನೆಗೆ ಪಾರ್ಲಿಮೆಂಟು ತನ್ನ ತಪ್ಪನ್ನು ತಿದ್ದಿಕೊಂಡಿತು. ಹೂಡಿಕೆದಾರರ ವಿಶ್ವಾಸ ಕೆಡಬಾರದೆಂದು ಪತ್ರಿಕೆಗಳು ಬರೆದವು. ರಾಯರ ವಿಶ್ವಾಸದ ವಿಷಯ ಯಾವ ಪತ್ರಿಕೆಯೂ ಬರೆಯಲಿಲ್ಲ. ಅವರೂ ಹೂಡಿಕೆದಾರರೇ: ಹೆಂಡತಿಯ ಬಳೆ ಅಡವಿಟ್ಟು ಬಿಲ್ಲಿನ ಯಂತ್ರ ಕೊಂಡಿದ್ದರು. ನಮ್ಮ ಹುಡುಗನ ಒಂಬತ್ತು ತಿಂಗಳೂ ಒಂದು ಹೂಡಿಕೆಯೇ ಇರಬೇಕು, ಯಾವ ಬಾಕಿಯ ಪಟ್ಟಿಯಲ್ಲಿಯೂ ಬರದ್ದು. ಕಂಪನಿಗಳು ಬಿದ್ದದ್ದು ನಿಯಮದಿಂದ ಮಾತ್ರವಲ್ಲ. ಸಾಲ, ಪೈಪೋಟಿ, ತಪ್ಪು ಎಣಿಕೆ ಎಲ್ಲವೂ ಕೂಡಿದ್ದವು. ಆದರೆ ಬಿದ್ದಾಗ ಕೆಳಗೆ ಸಿಕ್ಕವರು ಯಾರೆಂಬುದು ಬೇರೆ ಪ್ರಶ್ನೆ.

ರಾಯರು ಮೂವತ್ತಾರು ತಿಂಗಳ ವ್ಯತ್ಯಾಸವನ್ನು ಆರು ಕಂತಿನಲ್ಲಿ ಕೊಟ್ಟು ತೀರಿಸಿದರು. ಕೊನೆಯ ಕಂತಿನ ರಸೀದಿಗೆ ಸಹಿ ಮಾಡಿದವರು ನಾವು. ಅದಾದ ತಿಂಗಳಲ್ಲಿ ಬೀಗದಕೈ ಕೊಟ್ಟು ಹೋದರು. ಗಚ್ಚಿಯ ರಿಪೇರಿಯೂ ಆಯಿತು. ಎರಡು ಮಳೆಗಾಲ ಸೋರಲಿಲ್ಲ.

ಮಹಾಪೆಯ ಆ ಚಹದ ಅಂಗಡಿಯ ಮುಂದೆ ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಮಳೆ ಸಣ್ಣಗೆ ಹಿಡಿದಿತ್ತು. ರಸ್ತೆಯ ಬದಿಗೆ ಯಾರೋ ಹೊಸದಾಗಿ ಅಗೆದು ಬಿಟ್ಟ ಚರಂಡಿಯಲ್ಲಿ ಕಿತ್ತಳೆ ಬಣ್ಣದ ಕೊಳವೆಗಳು ನೀರಿನಲ್ಲಿ ತೇಲುತ್ತಿದ್ದವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಆ ರಾಯರು ಈಗ ಎಲ್ಲಿದಾರ, ಮಾಮಾ? ಒಂದ ಫೋನ್ ಮಾಡಿ ನೋಡ್ರಲಾ.”

ಬಸ್ಸು ಬಂತು, ಹತ್ತಿದೆವು. ಮನೆಗೆ ಬಂದು ಹಳೆಯ ಡೈರಿ ತೆಗೆದು ನೋಡಿದೆವು. ಅವರ ಹೆಸರಿನ ಮುಂದೆ ನಾವು ಬರೆದಿಟ್ಟುಕೊಂಡಿರುವುದು ಬೂತಿನ ನಂಬರನ್ನೇ.